ಬೆಂಗಳೂರು ಬುಲ್ಸ್‌ಗೆ ತವರಿನ ಅಂಗಳ ಬೇಕು

ಕೋವಿಡ್‌ನಿಂದಾಗಿ ಎರಡು ವರ್ಷ ನಿಂತಿದ್ದ ಪ್ರೊ ಕಬಡ್ಡಿ ಲೀಗ್ 2021ರ ಡಿಸೆಂಬರ್ 22ರಂದು ಮತ್ತೆ ಶುರುವಾದದ್ದು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ. ಶೆರಟಾನ್ ಗ್ರ್ಯಾಂಡ್ ಹೋಟೆಲಿನ ಸಭಾಂಗಣದಲ್ಲಿ ಮ್ಯಾಟ್ ಹಾಸಿದ್ದರು. ಹನ್ನೆರಡು ತಂಡಗಳು ಫೆಬ್ರುವರಿ 25ರ ಫೈನಲ್‌ವರೆಗೂ ಅಲ್ಲೇ ಆಡಿದವು. ಪ್ರೇಕ್ಷಕರಿಗೆ ಮಾತ್ರ ಪ್ರವೇಶವಿರಲಿಲ್ಲ. ಶಾಲೆಯ ಮಣ್ಣಿನಂಗಳದಲ್ಲಿ ಕಬಡ್ಡಿ ಆಡಿ ಬೆಳೆದು, ಕೆಲಸಕ್ಕೆಂದು ಇಲ್ಲಿಗೆ ಬಂದ ಹುಡುಗರು ಪಕ್ಕದ ರಸ್ತೆಯ ಪಂದ್ಯವನ್ನೂ ಮೊಬೈಲ್‌ನಲ್ಲೇ ನೋಡಬೇಕಾಯಿತು.

ಬೆಂಗಳೂರು ಬುಲ್ಸ್ ತಂಡಕ್ಕೆ ತವರಿನ ಜನ ಸಿಗದೇ ಹೋದದ್ದು ಅದೇ ಮೊದಲಲ್ಲ. 2014ರಲ್ಲಿ ಲೀಗ್‌ನ ಜೊತೆಗೇ ಹುಟ್ಟಿದ ತಂಡಕ್ಕೆ ಕಂಠೀರವ ಒಳಾಂಗಣ ಕ್ರೀಡಾಂಗಣವೇ ಮನೆ. ಎರಡನೇ ವರ್ಷವೇ ಫೈನಲ್ ತಲುಪಿ ಯು ಮುಂಬಾ ಎದುರು 30–36ರಿಂದ ಸೋತಿತು. ಆದರೆ 2017ರಲ್ಲಿ ತವರಿನ ಪಂದ್ಯಗಳು ನಾಗ್ಪುರಕ್ಕೆ ಹೋದವು, 2018ರಲ್ಲಿ ಪುಣೆಗೆ.

ಕಪ್ ಗೆದ್ದದ್ದು ಆ ಪುಣೆಯ ಆವೃತ್ತಿಯಲ್ಲೇ. ತರಬೇತುದಾರ ರಣಧೀರ್ ಸಿಂಗ್, ತರಬೇತಿಯಲ್ಲಿ ಅವರಿಗೆ ಜೊತೆಯಾಗಿ ಅರ್ಜುನ ಪ್ರಶಸ್ತಿ ವಿಜೇತ ನಮ್ಮ ಬಿ.ಸಿ. ರಮೇಶ್, ನಾಯಕ ರೋಹಿತ್ ಕುಮಾರ್. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ತಂಡದ ವಿರುದ್ಧ ಫೈನಲ್. ವಿರಾಮದ ಹೊತ್ತಿಗೆ ಬುಲ್ಸ್ 9–16ರಿಂದ ಹಿಂದಿತ್ತು. ಆಮೇಲೆ ಆಟ ಬುಲ್ಸ್‌ನ ರೈಡರ್ ಪವನ್ ಸೆಹ್ರಾವತ್ ಅವರದಾಯಿತು. ಮೂವತ್ತು ಸೆಕೆಂಡಿನ ರೈಡ್‌ನಲ್ಲಿ ಎದುರಾಳಿಯನ್ನು ಮುಟ್ಟಿ, ಹಿಡಿತ ಬೀಳುವ ಮೊದಲೇ ಹಾರಿ ಗೆರೆ ದಾಟುವ ಅವರ ಚುರುಕನ್ನು ಆ ರಾತ್ರಿ ಯಾರಿಗೂ ತಡೆಯಲಾಗಲಿಲ್ಲ. ಅವರೊಬ್ಬರೇ 22 ಅಂಕ ತಂದರು. 38–33ರಿಂದ ಬುಲ್ಸ್ ಚಾಂಪಿಯನ್ ಆಯಿತು. ಲೀಗ್‌ನ ಚರಿತ್ರೆಯಲ್ಲಿ ಇಷ್ಟು ಚೆಂದದ ಫೈನಲ್ ಆಟ ಬಹಳ ಇಲ್ಲವೆಂದೇ ನನ್ನ ನಂಬಿಕೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹರಿಯಾಣ ವಿರುದ್ಧ ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ಗಳಿಸಿ ಅವರು ದಾಖಲೆ ಬರೆದರು.

ವೈಟ್‌ಫೀಲ್ಡ್‌ನ ಆ ಆವೃತ್ತಿಯಲ್ಲಿ ಪವನ್ ಅವರೇ ನಾಯಕ. ಮೊದಲ ಪಂದ್ಯದಲ್ಲಿ ಯು ಮುಂಬಾಗೆ ಸೋತ ತಂಡ ಸುಧಾರಿಸಿಕೊಂಡು ಸೆಮಿಫೈನಲ್ ಮುಟ್ಟಿತು. ಅಲ್ಲಿ ದಬಾಂಗ್ ಡೆಲ್ಲಿ ತಡೆಯಿತು. ಕಪ್ಪನ್ನೂ ಅದೇ ತಂಡ ಒಯ್ದಿತು. ಮರುವರ್ಷ ಪವನ್ ತಮಿಳ್ ತಲೈವಾಸ್ ಪಾಲಾದರು.

2022ರಲ್ಲಿ, 2023ರಲ್ಲಿ ಕಂಠೀರವದಲ್ಲಿ ಪಂದ್ಯಗಳು ನಡೆದವು. ನಂತರದ ಎರಡು ಆವೃತ್ತಿಗಳಲ್ಲಿ ಬೆಂಗಳೂರಿಗೆ ಒಂದು ಪಂದ್ಯವೂ ಸಿಗಲಿಲ್ಲ. 2024ರಲ್ಲಂತೂ ತಂಡ ಕೊನೆಯ ಸ್ಥಾನಕ್ಕೆ ಕುಸಿಯಿತು. ಸೋಲಿಗೆ ಕಾರಣ ಹಲವಿರಬಹುದು, ಆದರೆ ಕಷ್ಟದ ವರ್ಷದಲ್ಲಿ ತವರಿನ ಕೂಗು ಕೇಳದೆ ಆಡುವುದು ಯಾವ ತಂಡಕ್ಕೂ ಸಲ್ಲದು. 2025ರಲ್ಲಿ ಬಿ.ಸಿ. ರಮೇಶ್ ಮುಖ್ಯ ತರಬೇತುದಾರರಾಗಿ ಮರಳಿದ್ದು ಸಂತೋಷದ ಸಂಗತಿ.

ಪಂದ್ಯಕ್ಕೆ ಜನ ಬರುವುದೂ ಈಗ ಸುಲಭ: ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ ಮೂರಕ್ಕೂ ಮೆಟ್ರೊ ಇದೆ. ಕೆಲಸ ಮುಗಿಸಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಕಂಠೀರವ ಹತ್ತಿರ. ಲೀಗ್ ನಡೆಸುವವರು ಬುಲ್ಸ್ ಪಂದ್ಯಗಳನ್ನು ಬೆಂಗಳೂರಿಗೆ ಮರಳಿ ಕೊಡಬೇಕು.