ಪೆನಾಂಗ್ ಬಂದರಿನಲ್ಲಿ ಪುಟ್ಟ ಮಗುವಿನೊಂದಿಗೆ

ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಬರುವ ಕ್ರೂಸ್ ಹಡಗುಗಳು ಜಾರ್ಜ್ ಟೌನ್‌ನ ಸ್ವೆಟನ್‌ಹ್ಯಾಮ್ ಕಟ್ಟೆಗೆ ತಾಗಿಯೇ ನಿಲ್ಲುತ್ತವೆ. ಮಗುವನ್ನು ಎತ್ತಿಕೊಂಡು ಸಣ್ಣ ದೋಣಿಗೆ ದಾಟುವ ಫಜೀತಿ ಇಲ್ಲ. ಸಿಂಗಪುರದಿಂದ ಬಂದವರು ಗಡಿಯಾರ ತಿರುಗಿಸಬೇಕಾಗಿಯೂ ಇಲ್ಲ. ಎರಡೂ ಕಡೆ ಸಮಯ ಒಂದೇ.

ಕಟ್ಟೆಯಿಂದ ಕಾರ್ನ್‌ವಾಲಿಸ್ ಕೋಟೆಗೆ ನಡೆದೇ ಹೋಗಬಹುದು. ಪಕ್ಕದಲ್ಲೇ ಸಮುದ್ರದಂಡೆಯ ಮೈದಾನ. ಎರಡು ವರ್ಷದ ಮಗುವಿಗೆ ಕೋಟೆಯ ಇತಿಹಾಸಕ್ಕಿಂತ ಆ ಹುಲ್ಲೇ ಪ್ರಿಯ. 2008ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಳೇ ಪೇಟೆಯಲ್ಲಿ ಅಂಗಡಿಮನೆಗಳ ಮುಂದೆ ಉದ್ದಕ್ಕೂ ಚಾವಣಿಯಿರುವ ಜಗಲಿದಾರಿ ಇದೆ. ನೆರಳೇನೋ ಧಾರಾಳ. ಆದರೆ ಒಂದೊಂದು ಮನೆಯ ಜಗಲಿಗೆ ಒಂದೊಂದು ಎತ್ತರ. ನಡುವೆ ನಿಲ್ಲಿಸಿದ ಬೈಕು, ಅಂಚಿನಲ್ಲಿ ಚರಂಡಿ. ತಳ್ಳುಗಾಡಿಯನ್ನು ಮತ್ತೆ ಮತ್ತೆ ಎತ್ತಿ ಇಳಿಸಿ ಕೈ ಸೋಲುತ್ತದೆ. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಚೀಲವೇ ವಾಸಿ.

ಊಟಕ್ಕೆ ಲಿಟಲ್ ಇಂಡಿಯಾ ಹತ್ತಿರದಲ್ಲೇ ಇದೆ. ಅಲ್ಲಿನ ತಮಿಳರ ಹೋಟೆಲುಗಳಲ್ಲಿ ಇಡ್ಲಿ ಸಿಗುವುದರಿಂದ ಮಗುವಿನ ಹೊಟ್ಟೆಯ ಚಿಂತೆಯಿಲ್ಲ.

ಸುಮಾರು 800 ಮೀಟರ್ ಎತ್ತರದ ಪೆನಾಂಗ್ ಬೆಟ್ಟಕ್ಕೆ 1923ರಿಂದ ಹಗ್ಗ ಎಳೆಯುವ ರೈಲು ಓಡುತ್ತಿದೆ. ಮೇಲೆ ಹವೆ ತಂಪು, ಮಕ್ಕಳಿಗೆ ರೈಲೇ ಆಟ. ರಜಾದಿನಗಳಲ್ಲಿ ಮಾತ್ರ ಸಾಲು ಉದ್ದ. ಬಂದರಿನಿಂದ ಅಲ್ಲಿಗೆ ಟ್ಯಾಕ್ಸಿ ಬೇಕು. ಹಡಗು ಹೊರಡುವ ಹೊತ್ತಿಗೆ ಸಾಕಷ್ಟು ಮೊದಲೇ ಹತ್ತಿಕೊಳ್ಳಬೇಕಾದ್ದರಿಂದ ಬೆಟ್ಟವನ್ನು ಬೆಳಿಗ್ಗೆಯೇ ಮುಗಿಸಿ, ಪೇಟೆಯನ್ನು ಆಮೇಲಕ್ಕೆ ಇಟ್ಟುಕೊಳ್ಳುವುದು ಕ್ಷೇಮ.