ಮಸಿಬಟ್ಟೆಯ ಹೊಟ್ಟೆಯೊಳಗೆ ಏನಿರಬೇಕು?

ಅಡುಗೆಮನೆಯ ಮಸಿಬಟ್ಟೆಗೆ ನಮ್ಮಲ್ಲಿ ಎಂದೂ ಮರ್ಯಾದೆ ಸಿಕ್ಕಿದ್ದಿಲ್ಲ. ಸವೆದ ಪಂಚೆ, ಹರಿದ ಬನಿಯನ್ನು, ತೂತುಬಿದ್ದ ಟವೆಲ್ಲು ಕೊನೆಗೆ ಬಂದು ಬೀಳುವುದು ಅಲ್ಲಿಗೇ. ಕೈ ಚುರುಗುಟ್ಟಿದರೆ ಇನ್ನೊಂದು ಮಡಿಕೆ ಹಾಕಿದರಾಯಿತು, ಅದೂ ಸಾಲದಿದ್ದರೆ ಇಕ್ಕಳ ಇದ್ದೇ ಇದೆ. ಆದರೆ ಬೀಡುಕಬ್ಬಿಣದ ಕಾವಲಿ, ಬಾಣಲೆಗಳು ಈಗ ಒಲೆಗೆ ಮರಳಿವೆ. ಕೇಕು, ಬ್ರೆಡ್ಡಿನ ಹುಮ್ಮಸ್ಸಿನಲ್ಲಿ ಓವನ್ನೂ ಮನೆ ಸೇರಿದೆ. ಬೀಡಿನ ಪಾತ್ರೆಯ ಹಿಡಿಯೂ ಪಾತ್ರೆಯ ಜೊತೆಗೇ ಕಾಯುತ್ತದೆ. ಓವನ್ನಿನ ಅಗಲ ತಟ್ಟೆಯನ್ನು ಇಕ್ಕಳದಲ್ಲಿ ಎಳೆಯಹೋದರೆ ಕೇಕು ನೆಲದ ಪಾಲು. ಹಾಗಾಗಿ ಅಂಗೈಗಿಂತ ಕೊಂಚ ದೊಡ್ಡದಾದ, ಒಳಗೆ ದಪ್ಪಗೆ ತುಂಬಿ ಸಾಲುಸಾಲಾಗಿ ಹೊಲಿದ ಹಿಡಿಬಟ್ಟೆ ಬೇಕಾಗಿದೆ. ಕೌದಿ ಹೊಲಿದು ಅಭ್ಯಾಸವಿದ್ದವರಿಗೆ ಇದು ಒಂದು ಮಧ್ಯಾಹ್ನದ ಕೆಲಸ.

ಹೊಲಿಯುವವರ ಗಮನವೆಲ್ಲ ಮೇಲಿನ ಬಟ್ಟೆಯ ಬಣ್ಣ, ಚಿತ್ತಾರದ ಮೇಲೆಯೇ ಇರುತ್ತದೆ. ಕೈ ಕಾಯುವುದು ಮಾತ್ರ ಒಳಗೆ ತುಂಬಿದ್ದು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಅದೂ ಅಲ್ಲ, ಅದರ ಎಳೆಗಳ ನಡುವೆ ಕದಲದೆ ನಿಂತ ಗಾಳಿ. ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ನೀರು ಅದಕ್ಕಿಂತ 20 ಪಟ್ಟಿಗೂ ಹೆಚ್ಚು ಬೇಗ ದಾಟಿಸುತ್ತದೆ. ಒದ್ದೆ ಮಸಿಬಟ್ಟೆಯಲ್ಲಿ ಕುಕ್ಕರ್ ಹಿಡಿದವರ ಕೈ ಸುಡುವುದು ಇದಕ್ಕೇ. ಗಾಳಿಯನ್ನು ಹಿಡಿದಿಡಬೇಕು, ಬೆರಳು ಒತ್ತಿದರೂ ಪೂರ್ತಿ ಅಪ್ಪಚ್ಚಿಯಾಗಬಾರದು, ಕಾದರೆ ಕರಗಬಾರದು. ತುಂಬುವ ವಸ್ತುವಿಗೆ ಇರುವ ಪರೀಕ್ಷೆ ಇಷ್ಟೇ.

ಮೂರನೆಯದರಲ್ಲಿ ಸೋಲುವುದು ಪಾಲಿಯೆಸ್ಟರ್. ದಿಂಬಿಗೆ ತುಂಬುವ ಬೆಳ್ಳನೆಯ ಫೈಬರ್ ಅಗ್ಗ, ಹಗುರ, ಕೈಗೆ ಮೆತ್ತಗೆ. ಆದರೆ ಅದು 250–260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗಿ ಕುಗ್ಗುತ್ತದೆ. ಕರಿಯುವ ಎಣ್ಣೆ 180ರ ಆಸುಪಾಸಿನಲ್ಲಿರುತ್ತದೆ. ಉರಿಯ ಮೇಲೆ ಮರೆತ ಖಾಲಿ ಕಾವಲಿ 250ನ್ನು ಸಲೀಸಾಗಿ ದಾಟುತ್ತದೆ. ಕರಗಿದ ಪಾಲಿಯೆಸ್ಟರ್ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಸೋಫಾದ ಸ್ಪಂಜು ಇನ್ನೂ ಅಪಾಯಕಾರಿ, ಬೆಂಕಿ ತಗುಲಿದರೆ ವಿಷದ ಹೊಗೆ. ಬೂರುಗದ ಹತ್ತಿ ನಮ್ಮದೇ ಮರದ್ದಾದರೂ ಕಿಡಿ ಸೋಕಿದೊಡನೆ ಹೊತ್ತಿಕೊಳ್ಳುತ್ತದೆ. ಅದು ದಿಂಬಿನಲ್ಲಿಯೇ ಇರಲಿ.

ಹತ್ತಿ ಕರಗುವುದಿಲ್ಲ. ಅತಿಯಾಗಿ ಕಾದರೆ ಕಂದು ತಿರುಗಿ, ಸೀದು, ವಾಸನೆಯಿಂದ ಎಚ್ಚರಿಸುತ್ತದೆ. ಹಿಂಜಿದ ಸಡಿಲ ಹತ್ತಿ ತುಂಬಿದರೆ ನಾಲ್ಕು ಒಗೆತಕ್ಕೆ ಮೂಲೆ ಸೇರಿ ಗಂಟಾಗುತ್ತದೆ. ಸಾಲುಗಳನ್ನು ಹತ್ತಿರ ಹೊಲಿಯಲೇಬೇಕು. ಹಳೆಯ ಟರ್ಕಿ ಟವೆಲ್ಲಿನ ಎರಡು ಪದರ ಇದಕ್ಕಿಂತ ಸುಲಭ, ಅದರ ಕುಣಿಕೆಗಳಲ್ಲಿ ಗಾಳಿ ತಾನಾಗಿ ನಿಲ್ಲುತ್ತದೆ. ಜೀನ್ಸ್ ಬಟ್ಟೆಯೂ ಆದೀತು, ಎಳೆದರೆ ಹಿಗ್ಗುವ ಜಾತಿಯದಲ್ಲದಿದ್ದರೆ.

ನನ್ನ ಮತ ಮಾತ್ರ ಕಂಬಳಿಗೆ. ಚಳ್ಳಕೆರೆ ಕಡೆ ಕುರಿಯ ಒರಟು ಉಣ್ಣೆಯಿಂದ ನೇಯುವ ಕರಿಕಂಬಳಿ ಹಳೆಯದಾಗಿ ಅಟ್ಟ ಸೇರಿದ್ದರೆ ಅದಕ್ಕಿಂತ ಒಳ್ಳೆಯ ಒಳಪದರ ಅಂಗಡಿಯಲ್ಲಿ ಸಿಗಲಿಕ್ಕಿಲ್ಲ. ಉಣ್ಣೆ ಹೊತ್ತಿಕೊಳ್ಳಲು ಹತ್ತಿಗಿಂತ ಹೆಚ್ಚು ಶಾಖ ಬೇಕು. ಹೊತ್ತಿಕೊಂಡರೂ ಉರಿಯಿಂದ ಆಚೆ ಎಳೆದೊಡನೆ ಸಾಮಾನ್ಯವಾಗಿ ತಾನೇ ಆರುತ್ತದೆ. ಎಳೆ ಗುಂಗುರಾದ್ದರಿಂದ ಒತ್ತಿದರೂ ಮತ್ತೆ ಉಬ್ಬುತ್ತದೆ. ಹೊಸ ಕಂಬಳಿಯಾದರೆ ಹುಣಸೆಬೀಜದ ಗಂಜಿ ಹೋಗುವಂತೆ, ಕುಗ್ಗುವಷ್ಟು ಕುಗ್ಗಿಬಿಡುವಂತೆ ಬಿಸಿನೀರಿನಲ್ಲಿ ಮೊದಲೇ ಒಗೆಯಬೇಕು. ಕಂಬಳಿಯ ಒಂದು ಪದರ, ಎರಡೂ ಬದಿಗೆ ಟವೆಲ್ಲಿನ ಒಂದೊಂದು ಪದರ, ಹೊರಗೆ ದಪ್ಪ ನೂಲಿನ ಬಟ್ಟೆ: ಇಷ್ಟಾದರೆ ದೈನಂದಿನ ಅಡುಗೆಗೆ ಧಾರಾಳ.

ಹೊಳೆಯುವ ಪದರವಿರುವ ತಯಾರಿ ಹಾಳೆಗಳೂ ಈಗ ಸಿಗುತ್ತವೆ. ಅಮೆರಿಕದ ಇನ್ಸುಲ್-ಬ್ರೈಟ್ ಇವುಗಳಲ್ಲಿ ಹೆಸರಾದದ್ದು. ಲೋಹದ ಲೇಪವಿರುವ ತೆಳು ಹಾಳೆಗೆ ಪಾಲಿಯೆಸ್ಟರ್ ಎಳೆಗಳನ್ನು ಸೂಜಿಗಳಿಂದ ಚುಚ್ಚಿ ಬೆಸೆದು ಮಾಡಿದ್ದು ಅದು. ಹೊಳಪು ಹಿಂದಕ್ಕೆ ತಳ್ಳುವುದು ದೂರದಿಂದ ಹೊಮ್ಮುವ ಕಾವನ್ನು. ಮುಟ್ಟಿದಾಗ ನೇರವಾಗಿ ದಾಟುವ ಶಾಖಕ್ಕೆ ಅದೊಂದೇ ಸಾಲದು, ಜೊತೆಗೆ ಹತ್ತಿಯ ಪದರವೂ ಬೇಕು. ಲೋಹವಿರುವುದರಿಂದ ಮೈಕ್ರೋವೇವ್ ಒಳಗೆ ಇಡುವಂತಿಲ್ಲ. ಅಜ್ಜಿಯ ಕಾಲದ ಕಲ್ನಾರಿನ ಮೆತ್ತೆ ಎಲ್ಲಾದರೂ ಉಳಿದಿದ್ದರೆ ಅದನ್ನು ಬಿಚ್ಚಿ ಬಳಸಲೇಬೇಡಿ. ಅದರ ಧೂಳು ಕ್ಯಾನ್ಸರ್ ತರುತ್ತದೆ.

ಯಾವ ಚಿಂದಿ ಯಾವುದೆಂದು ನೋಟದಿಂದ ಹೇಳುವುದು ಕಷ್ಟ. ಕಾಟನ್ ಎಂದು ಕೊಂಡ ಸೀರೆಯಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ, ಉಣ್ಣೆಯೆಂದು ಹೊದ್ದ ರಗ್ಗಿನಲ್ಲಿ ಅಕ್ರಿಲಿಕ್ ಇರುತ್ತದೆ. ನಾಲ್ಕೆಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿ ನೋಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಉಣ್ಣೆಯಾದರೆ ಕೂದಲು ಸುಟ್ಟ ನಾತ, ಹಿಸುಕಿದರೆ ಪುಡಿಯಾಗುವ ಕರಿ. ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಬೆರಕೆಯಾದರೆ ಬೂದಿಯಲ್ಲಿ ಗಟ್ಟಿ ಹರಳುಗಳು ಸಿಗುತ್ತವೆ.

ದರ್ಜಿಗಳ ಬಳಿ ಸಾಮಾನ್ಯವಾಗಿ ಸಿಗುವ ದಾರವೂ ಪಾಲಿಯೆಸ್ಟರಿನದೇ. ಹತ್ತಿ ದಾರ ಕೇಳಿ ತರಬೇಕು. ಅಂಚಿಗೆ ನೈಲಾನ್ ಪಟ್ಟಿ ಬೇಡ. ತುಂಬಿದ್ದು ಸಡಿಲ ಹತ್ತಿಯಲ್ಲದಿದ್ದರೆ ಸಾಲುಗಳನ್ನು ಎರಡು ಬೆರಳಿನ ಅಂತರದಲ್ಲಿ ಹಾಕಿದರೆ ಸಾಕು. ಕೌದಿಯ ಹಾಗೆ ಒತ್ತೊತ್ತಾಗಿ ಹೊಲಿದರೆ ನೋಡಲು ಚೆಂದ, ಆದರೆ ಪ್ರತಿ ಹೊಲಿಗೆಯಲ್ಲೂ ಪದರ ಚಪ್ಪಟೆಯಾಗಿ ಬಿಸಿಗೆ ದಾರಿಯಾಗುತ್ತದೆ. ಮುಗಿದ ಮೇಲೆ ಮೇಜಿನ ಮೇಲಿಟ್ಟು, ಹತ್ತಿಯ ಗುರುತಿಗೆ ಕಾಯಿಸಿದ ಇಸ್ತ್ರಿಪೆಟ್ಟಿಗೆಯನ್ನು ಅರ್ಧ ನಿಮಿಷ ಒತ್ತಿ, ತಕ್ಷಣ ಹಿಡಿಬಟ್ಟೆಯ ತಳ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳು ಹಿಂದಕ್ಕೆ ಬಂದರೆ ಇನ್ನೊಂದು ಪದರ ಬೇಕು. ವರ್ಷ ಕಳೆದು ಹಿಡಿಬಟ್ಟೆ ತೆಳ್ಳಗಾದಾಗಲೂ ಇದೇ ಪರೀಕ್ಷೆ ನಡೆಯುತ್ತದೆ.