ಮರೆವಿಗೆ ಬಾಟಲಿ ಕೊಳ್ಳುವ ಮೊದಲು

ಈ ಮೇಜಿಗೆ ಬರುವ ಮೊದಲು ನಾವು ಹೋಟೆಲಿನ ಗಲ್ಲಾದ ಮುಂದೆ ಕುಳಿತಿದ್ದವರೆಂಬುದನ್ನು ದಿಲ್ಲಿಯ ನಮ್ಮ ವಾಚಕರು ಬಲ್ಲರು. ಆಗ ನಮ್ಮಲ್ಲಿ ಕುಂದಾಪುರದ ಕಡೆಯ ಹಿರಿಯ ಸಪ್ಲಾಯರರೊಬ್ಬರಿದ್ದರು. ಹನ್ನೆರಡು ಮೇಜುಗಳ ಆರ್ಡರನ್ನು ಕಾಗದ ಪೆನ್ಸಿಲುಗಳ ಹಂಗಿಲ್ಲದೆ ಅಡಿಗೆಮನೆಗೆ ಒಪ್ಪಿಸುತ್ತಿದ್ದ ಅವರು, ಅರುವತ್ತೈದು ದಾಟಿದ ಮೇಲೆ ಮಸಾಲೆದೋಸೆ ಕೇಳಿದವರ ಮುಂದೆ ಇಡ್ಲಿ ಇಡತೊಡಗಿದರು. ಗಿರಾಕಿಗಳು ನಕ್ಕರು, ಹುಡುಗರು ಗೇಲಿ ಮಾಡಿದರು, ನಾವು ಗದರಿದೆವು. ಆಮೇಲೆ ಮರುಕ ಹುಟ್ಟಿ, ಸ್ಮರಣಶಕ್ತಿವರ್ಧಕವೆಂದು ಮಾರುವ ಬಾಟಲಿಗಳನ್ನು ತರಿಸಿಕೊಟ್ಟೆವು. ಆರು ತಿಂಗಳು ಬಾಟಲಿಗಳು ಬರಿದಾದುವು; ಮರೆವು ಮಾತ್ರ ಬೆಳೆಯಿತು.

ಅಂಗಾಲು ಜುಮುಗುಟ್ಟುತ್ತದೆಂದು ಅವರು ಹೇಳಿಕೊಂಡಾಗ ವೈದ್ಯರು ರಕ್ತಪರೀಕ್ಷೆ ಮಾಡಿಸಿದರು. ಬಿ-12 ಜೀವಸತ್ವ ತೀರ ಕಡಿಮೆಯಾಗಿತ್ತು. ನಾವು ಕೊಡಿಸಿದ ಬಾಟಲಿಯ ಚೀಟಿಯಲ್ಲಿ ಅದರ ಹೆಸರೇ ಇರಲಿಲ್ಲ.

ಈ ಜೀವಸತ್ವ ಸೊಪ್ಪು, ಬೇಳೆ, ಅಕ್ಕಿಗಳಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ದಿನಕ್ಕೆ ಬೇಕಾದುದು ಎರಡು ಮೈಕ್ರೋಗ್ರಾಮಿಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಮುಪ್ಪಿನಲ್ಲಿ ಜಠರದ ಆಮ್ಲ ಕುಗ್ಗಿದಾಗ, ತಿಂದ ಆಹಾರದಿಂದ ಅದು ಬಿಡುಗಡೆಯಾಗದು. ಸಕ್ಕರೆ ಕಾಯಿಲೆಗಾಗಿ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಅದು ಇನ್ನಷ್ಟು ತಗ್ಗುವುದುಂಟು. ನಮ್ಮ ಹಿರಿಯರು ಅದನ್ನೂ ಸೇವಿಸುತ್ತಿದ್ದರು. ಊಟವೋ, ಸಾಂಬಾರು ಅನ್ನ. ಊರೆಲ್ಲಕ್ಕೆ ಮೊಸರನ್ನ ಬಡಿಸಿದವರು ತಮ್ಮ ತಟ್ಟೆಗೆ ಮೊಸರು ಹಾಕಿಕೊಂಡುದನ್ನು ನಾವು ಕಾಣೆವು!

ಹಾಗಾದರೆ ಊರಿನ ಒಂದೆಲಗದ ತಂಬುಳಿ ವ್ಯರ್ಥವೆ? ರುಚಿಗೆ ಖಂಡಿತ ಉಣ್ಣಿರಿ. ಬ್ರಾಹ್ಮಿಯೆಂಬ ಹೆಸರು ಒಂದೆಲಗಕ್ಕೂ ಇದೆ, ನೀರುಬ್ರಾಹ್ಮಿಗೂ ಇದೆ. ಇವು ಬೇರೆ ಬೇರೆ ಗಿಡಗಳು. ನೀರುಬ್ರಾಹ್ಮಿಯ ಸಾರವನ್ನು ಕೆಲವು ವಾರ ಸೇವಿಸಿದವರ ನೆನಪು ಕೊಂಚ ಸುಧಾರಿಸಿತೆಂದು ಕೆಲವು ಚಿಕ್ಕ ಪ್ರಯೋಗಗಳು ಕಂಡಿವೆ. ಮರೆಗುಳಿ ರೋಗವನ್ನು ಅದು ತಡೆಯುವುದೆಂಬುದಕ್ಕೆ ಆಧಾರವಿಲ್ಲ. ಪರದೇಶದ ಗಿಂಕೊ ಎಲೆಯ ಗತಿಯೂ ಅದೇ. ಅಮೆರಿಕದಲ್ಲಿ 75 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ 3,069 ಮಂದಿಯನ್ನು ಸುಮಾರು ಆರು ವರ್ಷ ಪರೀಕ್ಷಿಸಿ, 2008ರಲ್ಲಿ ಪ್ರಕಟಿಸಿದ ಫಲಿತಾಂಶವೆಂದರೆ ಅದು ಆ ರೋಗವನ್ನು ತಡೆಯಲಿಲ್ಲವೆಂಬುದು.

ದಿಲ್ಲಿಯ ಏಮ್ಸ್ ಪಾಲ್ಗೊಂಡ ಸಮೀಕ್ಷೆಯೊಂದು 2023ರಲ್ಲಿ, ದೇಶದ ಅರುವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ರೋಗವಿದೆಯೆಂದು ಅಂದಾಜು ಮಾಡಿತು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ವರ್ಷಾನುವರ್ಷ ಪರೀಕ್ಷಿಸುತ್ತಿದೆ.

ಮರೆವೆಲ್ಲ ಬಿ-12ರ ಕೊರತೆಯಿಂದಲೇ ಬಂದುದಲ್ಲ; ಕೊರತೆಯಿಲ್ಲದವರಿಗೆ ಆ ಮಾತ್ರೆಯಿಂದ ನೆನಪು ಬೆಳೆಯದು. ಥೈರಾಯಿಡಿನ ದೋಷವೂ, ಮನಸ್ಸಿನ ಖಿನ್ನತೆಯೂ, ನಿದ್ರೆಯ ಮಾತ್ರೆಯೂ ಇದೇ ವೇಷದಲ್ಲಿ ಬರುವುವು. ಆದುದರಿಂದ ಬಾಟಲಿಗೆ ಮೊದಲು ರಕ್ತಪರೀಕ್ಷೆಯಾಗಲಿ. ಪೂರಕ ಆಹಾರವೆಂದು ಮಾರುವ ಡಬ್ಬಿಯ ಮೇಲೆ, ಇದು ಔಷಧವಾಗಿ ಬಳಸತಕ್ಕದ್ದಲ್ಲ ಎಂಬ ಬರಹವಿರಬೇಕೆಂದು ಕಾನೂನೇ ವಿಧಿಸಿದೆ. ಅಕ್ಷರ ಸಣ್ಣದಾದರೆ ಕನ್ನಡಕ ಹಾಕಿಕೊಂಡು ಓದಬಹುದು.

ನಮ್ಮ ಹಿರಿಯರಿಗೆ ಚುಚ್ಚುಮದ್ದು ಕೊಡಿಸಿದೆವು. ಅಂಗಾಲಿನ ಜುಮು ಇಳಿಯಿತು. ನೆನಪು ಅರ್ಧ ಮರಳಿತು. ಆರು ತಿಂಗಳ ಹಿಂದೆಯೇ ಕರೆತರಬಾರದಿತ್ತೆ ಎಂದು ವೈದ್ಯರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ಅವರು ಊರಿನಲ್ಲಿದ್ದಾರೆ. ಮೊನ್ನೆ ಫೋನಿನಲ್ಲಿ ನಮ್ಮ ಮಗಳ ಹೆಸರು ಹಿಡಿದು ಕ್ಷೇಮ ವಿಚಾರಿಸಿದರು; ಇಪ್ಪತ್ತು ವರ್ಷ ದುಡಿದ ಹೋಟೆಲಿನ ಹೆಸರು ಮಾತ್ರ ನಾಲಗೆಗೆ ಬರಲಿಲ್ಲ.